ಗಮ್ ಪ್ರಿಂಟಿನ ಕಾಗದಕ್ಕೆ ಯಾವ ಹಾರ್ಡನರ್?

ಗಮ್ ಪ್ರಿಂಟ್, ಅಂದರೆ ಗಮ್ ಬೈಕ್ರೋಮೇಟ್, ಗೋಂದಿಗೆ ಬಣ್ಣವನ್ನೂ ಬೆಳಕು ಬಿದ್ದಲ್ಲಿ ಗೋಂದು ಗಟ್ಟಿಯಾಗಿಸುವ ಬೈಕ್ರೋಮೇಟ್ ಲವಣವನ್ನೂ ಕಲಸಿ ಕಾಗದಕ್ಕೆ ಬಳಿದು ಫೋಟೋ ಮೂಡಿಸುವ ಹಳೇ ವಿಧಾನ. ಅದಕ್ಕೆಂದು ಒಂದು ವರ್ಷದ ಹಿಂದೆ ಸೈಜಿಂಗ್ ಮಾಡಿ (ಬಣ್ಣ ನಾರಿಗೆ ಇಳಿಯದಂತೆ ಜೆಲಾಟಿನ್ ಬಳಿದು) ಎತ್ತಿಟ್ಟಿದ್ದ ಕಾಗದಗಳನ್ನು ಮೊನ್ನೆ ತೆಗೆದು ನೋಡಿದೆ. ಕೆಲವು ಹಾಲಿನಷ್ಟು ಬೆಳ್ಳಗಿವೆ, ಕೆಲವು ಹಳದಿ ತಿರುಗಿವೆ. ಕಾಗದ ಒಂದೇ, ಬಳಿದಿದ್ದೂ ಅದೇ 3% ಜೆಲಾಟಿನ್. ಬೇರೆಯಾಗಿದ್ದು ಹಾರ್ಡನರ್ (ಜೆಲಾಟಿನ್ ಗಟ್ಟಿ ಮಾಡುವ ರಾಸಾಯನಿಕ) ಮಾತ್ರ.

ಗಮ್ ಬೈಕ್ರೋಮೇಟ್‌ನಲ್ಲಿ ಮೂರು ನಾಲ್ಕು ಪದರ ಬಣ್ಣ ಹಾಕುತ್ತೇವೆ, ಪ್ರತಿ ಪದರವೂ ಡೆವಲಪ್ ಆಗಲು ಕಾಗದ ಎಷ್ಟೋ ಹೊತ್ತು ನೀರಲ್ಲಿ ನೆನೆಯಬೇಕು, ಬರೀ ಜೆಲಾಟಿನ್ ಇದ್ದರೆ ಉಬ್ಬಿ ಮೆತ್ತಗಾಗುತ್ತದೆ, ನೀರು ಬೆಚ್ಚಗಿದ್ದರಂತೂ ಕರಗಿಯೇ ಹೋಗುತ್ತದೆ. ಆಮೇಲೆ ಬಣ್ಣ ಸೀದಾ ಕಾಗದದ ನಾರಿಗೆ ಇಳಿಯುತ್ತದೆ. ಬಿಳಿ ಇರಬೇಕಾದ ಜಾಗವೆಲ್ಲ ಕಲೆ. ಅದಕ್ಕೇ ಹಾರ್ಡನರ್ ಬೇಕು.

ಫಾರ್ಮಾಲಿನ್ ಚೆನ್ನಾಗಿ ಗಟ್ಟಿ ಮಾಡುತ್ತದೆ, ಬಿಳುಪೂ ಉಳಿಯುತ್ತದೆ. ಆದರೆ ಅದರ ಅನಿಲ ಕ್ಯಾನ್ಸರ್ ತರುವಂಥದ್ದು. ಮನೆಯೊಳಗೆ ಬೇಡವೇ ಬೇಡ. ಕ್ರೋಮ್ ಆಲಮ್‌ಗೆ ಆ ಹೊಗೆಯ ಕಾಟ ಇಲ್ಲ, ಆದರೆ ಕಾಗದಕ್ಕೆ ತೆಳು ಹಸಿರು ಛಾಯೆ ಬರುತ್ತದೆ, ಸ್ವಲ್ಪ ಜಾಸ್ತಿಯಾದರೂ ಜೆಲಾಟಿನ್ ಟ್ರೇನಲ್ಲೇ ಎಳೆಎಳೆಯಾಗಿ ಕೂರುತ್ತದೆ.

ಗ್ಲುಟರಾಲ್ಡಿಹೈಡ್ ತುಂಬಾ ಚುರುಕು, ಚೂರೇ ಚೂರು ಸಾಕು. ನನ್ನ ಬೆಳ್ಳಗಿನ ಹಾಳೆಗಳಲ್ಲಿ ಹೆಚ್ಚಿನವು ಇದರವೇ. ಅಳತೆ ಮೀರಿದರೆ ಇದೂ ಜೆಲಾಟಿನ್‌ಗೆ ಹಳದಿ ಬರಿಸುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಉಸಿರಿಗೆ ಹೋಗ್ತಾ ಹೋಗ್ತಾ ಆಸ್ತಮಾ ಹಚ್ಚಬಲ್ಲದು. ಕೈಗವಸು, ಬಯಲು ಗಾಳಿ ಇಲ್ಲದೆ ದಯವಿಟ್ಟು ಬಾಟಲಿ ತೆರೆಯಬೇಡಿ.

ಹಳದಿಯಾದವೆಲ್ಲ ಗ್ಲೈಆಕ್ಸಾಲ್ ಹಾಳೆಗಳು. ಆದರೆ ಗ್ಲೈಆಕ್ಸಾಲ್ ಹಾಕಿದ್ದೆಲ್ಲ ಹಳದಿಯಾಗಿಲ್ಲ! ಹಿಂದೆ ಪೆನ್ಸಿಲ್‌ನಲ್ಲಿ ಬರೆದಿದ್ದು ಓದಿದ ಮೇಲೆ ಅರ್ಥವಾಯಿತು: ಗಟ್ಟಿ ಮಾಡಿದ ಮೇಲೆ ಹತ್ತು ನಿಮಿಷ ಹರಿಯುವ ನೀರಲ್ಲಿ ತೊಳೆದವು ಹಾಗೇ ಇವೆ, ತೊಳೆಯದೆ ಸುಮ್ನೆ ಒಣಗಿಸಿದವು ಕೆಟ್ಟಿವೆ. ಅಂದರೆ ಜೆಲಾಟಿನ್ ಜೊತೆ ಸೇರದೆ ಉಳಿದ ಗ್ಲೈಆಕ್ಸಾಲ್‌ನದೇ ಈ ಕೆಲಸ ಅಂತ ನನ್ನ ಅಂದಾಜು. ಸೈಜ್ ಮಾಡಿದ ವಾರದಲ್ಲೇ ಪ್ರಿಂಟ್ ಮಾಡುತ್ತಿದ್ದಾಗ ಡೆವಲಪ್ ಮಾಡುವ ನೀರಲ್ಲೇ ಅದು ತೊಳೆದುಹೋಗುತ್ತಿತ್ತು ಅಲ್ವಾ, ಅದಕ್ಕೇ ಇಷ್ಟು ದಿನ ಕಣ್ಣಿಗೆ ಬೀಳಲಿಲ್ಲ.

ಹಾಗಾಗಿ ನಾನು ಗ್ಲೈಆಕ್ಸಾಲ್ ಬಿಡುವುದಿಲ್ಲ. ಲೀಟರ್ ನೀರಿಗೆ 40% ದ್ರಾವಣ 15 ಮಿ.ಲೀ., ಚಿಟಿಕೆ ಅಡುಗೆ ಸೋಡಾ (ಹುಳಿ ನೀರಲ್ಲಿ ಅದು ನಿಧಾನ), ಐದು ನಿಮಿಷ ಅದ್ದುವುದು, ಆಮೇಲೆ ತೊಳೆಯುವುದು. ನಿನ್ನೆ ಹೀಗೆ ಹನ್ನೆರಡು ಹಾಳೆ ಮಾಡಿದೆ. ಆರು ಕತ್ತಲಲ್ಲಿ, ಆರು ಕಿಟಕಿಯ ಬಿಸಿಲಲ್ಲಿ. ಮುಂದಿನ ವರ್ಷ ಪಕ್ಕಪಕ್ಕ ಇಟ್ಟು ನೋಡುತ್ತೇನೆ.