ಎಸಿ ಔಟ್‌ಡೋರ್ ಫ್ಯಾನ್ ಮೋಟಾರ್ ರಿಪೇರಿ: ಕೆಪಾಸಿಟರ್‌ನಿಂದ ಬೇರಿಂಗ್‌ವರೆಗೆ

ಶುಕ್ರವಾರ, ರಾತ್ರಿ 10 ಗಂಟೆ

ಅಜ್ಜಿಯ ಕೋಣೆಯ ಎಸಿ ಮತ್ತೆ ಕೈಕೊಟ್ಟಿದೆ. ಮೂರು ದಿನದಿಂದ ಇದೇ ಪಾಡು. ಹಚ್ಚಿದ ಮೇಲೆ ಹತ್ತು ನಿಮಿಷ ತಣ್ಣನೆ ಗಾಳಿ, ಆಮೇಲೆ ಬರೀ ಗಾಳಿ. ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಸ್ವಲ್ಪ ತಂಪು. ರಾಯಚೂರಿನ ಮೇ ತಿಂಗಳು ಗೊತ್ತಲ್ಲ, ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. "ಒಲಿ ಮುಂದ ಕುಂತಂಗ ಆಗೈತಿ" ಅಂದರು ಅಜ್ಜಿ. ಅವರಿಗೆ 82 ವರ್ಷ. ಎಸಿ ತಂದಿದ್ದೇ ಅವರಿಗಾಗಿ.

ಟಾರ್ಚ್ ಹಿಡಿದು ತಾರಸಿಗೆ ಹೋದೆ. ಒಂದೂವರೆ ಟನ್ನಿನ ಸ್ಪ್ಲಿಟ್, ಇನ್ವರ್ಟರ್ ಅಲ್ಲ, ಒಂಬತ್ತು ವರ್ಷ ಹಳೆಯದು. ಕಂಪ್ರೆಸರ್ ಓಡುತ್ತಿದೆ. ಫ್ಯಾನ್ ನಿಂತಿದೆ, ಗುಂಯ್ ಅಂತ ಸಣ್ಣ ಸದ್ದು ಮಾತ್ರ. ಜಾಲರಿಯೊಳಗೆ ಪೊರಕೆ ಕಡ್ಡಿ ತೂರಿಸಿ ರೆಕ್ಕೆಯನ್ನು ಮೆಲ್ಲಗೆ ತಳ್ಳಿದೆ. ನಿಧಾನಕ್ಕೆ ತಿರುಗತೊಡಗಿತು. (ಇದಕ್ಕೆ ಬೆರಳು ಹಾಕಬೇಡಿ, ದಯವಿಟ್ಟು.)

ತಳ್ಳಿದರೆ ತಿರುಗುವ ಮೋಟಾರ್ ಅಂದರೆ ಮೊದಲ ಅನುಮಾನ ಕೆಪಾಸಿಟರ್ (ಮೋಟಾರ್ ತಿರುಗತೊಡಗಲು ನೆರವಾಗುವ ಸಣ್ಣ ಡಬ್ಬಿ) ಮೇಲೆ. ಕೋಣೆಯ ಬಿಸಿಯನ್ನೆಲ್ಲ ಹೊರಗಿನ ಕಾಯಿಲ್‌ಗೆ ತಂದು ಹಾಕಿದರೂ ಅದನ್ನು ಊದಿ ಕಳಿಸೋಕೆ ಫ್ಯಾನ್ ಬೇಕು. ಫ್ಯಾನ್ ಇಲ್ಲದಿದ್ದರೆ ಗ್ಯಾಸಿನ ಒತ್ತಡ ಏರುತ್ತದೆ, ಕಂಪ್ರೆಸರ್ ಬಿಸಿಯಾಗುತ್ತದೆ, ಅದರ ಓವರ್‌ಲೋಡ್ (ಅತಿ ಬಿಸಿಯಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್) ಟಕ್ ಅಂತ ಕಡಿದುಕೊಳ್ಳುತ್ತದೆ. ಅದು ತಣಿಯೋಕೆ ಬೇಕಾದ ಹೊತ್ತೇ ನಮ್ಮ ಆ ಮುಕ್ಕಾಲು ಗಂಟೆ.

ಶನಿವಾರ

ಎಂಸಿಬಿ ಇಳಿಸಿ, ಟೆಸ್ಟರ್ ಹಿಡಿದು ನೋಡಿ, ಪಕ್ಕದ ಕವರ್ ಬಿಚ್ಚಿದೆ. ಮೊದಲು ಎರಡೂ ಕೆಪಾಸಿಟರ್‌ಗಳ (ಕಂಪ್ರೆಸರಿನದು, ಫ್ಯಾನಿನದು) ಚಾರ್ಜ್ ಇಳಿಸಿದೆ. ಹೋಲ್ಡರ್‌ಗೆ ಹಾಕಿದ ಹಳೇ 60 ವ್ಯಾಟ್ ಬಲ್ಬಿನ ಎರಡು ವೈರ್ ತಾಗಿಸಿದರೆ ಸಾಕು. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವವರೂ ಇದ್ದಾರೆ, ನನಗೆ ಆ ಕಿಡಿ ಇಷ್ಟವಿಲ್ಲ.

ಫ್ಯಾನ್ ಕೆಪಾಸಿಟರ್ ಮೇಲೆ 2.5 ಮೈಕ್ರೋಫ್ಯಾರಡ್, 5 ಪರ್ಸೆಂಟ್ ಹೆಚ್ಚುಕಡಿಮೆ, 440 ವೋಲ್ಟ್ ಅಂತ ಬರೆದಿದೆ. ಅಂದರೆ 2.37ಕ್ಕಿಂತ ಕೆಳಗೆ ಇಳಿಯಬಾರದು. ಮೀಟರ್ ತೋರಿಸಿದ್ದು 1.4. ಕೊಂಡುಕೊಂಡಿದ್ದು ಅಷ್ಟೇ ಮೈಕ್ರೋಫ್ಯಾರಡ್‌ನ, ಅದೇ ವೋಲ್ಟೇಜಿನದು, 60 ರೂಪಾಯಿ. "ಸ್ವಲ್ಪ ಜಾಸ್ತಿದು ಹಾಕಿ, ಜೋರಾಗಿ ತಿರುಗುತ್ತೆ" ಅನ್ನುವ ಸಲಹೆ ಅಂಗಡಿಯಲ್ಲಿ ಸಿಗುತ್ತದೆ, ಕೇಳಬೇಡಿ. ಜಾಸ್ತಿ ಹಾಕಿದರೆ ಸ್ಟಾರ್ಟಿಂಗ್ ವೈಂಡಿಂಗ್‌ನಲ್ಲಿ (ಮೋಟಾರೊಳಗಿನ ತಂತಿಸುತ್ತಿನಲ್ಲಿ) ಕರೆಂಟ್ ಹೆಚ್ಚಾಗಿ ಮೋಟಾರೇ ಸುಡಬಹುದು.

ಹಾಕಿದೆ, ಫ್ಯಾನ್ ತಾನಾಗಿ ತಿರುಗಿತು. ಅಜ್ಜಿ ಚೆನ್ನಾಗಿ ಮಲಗಿದರು.

ಭಾನುವಾರ

ಮಧ್ಯಾಹ್ನ ಮೂರಕ್ಕೆ ಮತ್ತೆ ತಂಪು ನಿಂತಿತು. ಫ್ಯಾನ್ ತಿರುಗುತ್ತಿದೆ, ಆದರೂ ಕಂಪ್ರೆಸರ್ ಕಡಿದುಕೊಂಡಿದೆ.

ನೋಡೋಕೆ ಫ್ಯಾನ್ ಸರಿಯಾಗೇ ಇತ್ತು. ಕಣ್ಣಿಗೆ ವೇಗ ತಿಳಿಯುವುದಿಲ್ಲ ಅಲ್ವಾ? ಅದಕ್ಕೆ ಒಂದು ರೆಕ್ಕೆಗೆ ಬಿಳಿ ಟೇಪ್ ಅಂಟಿಸಿ, ಎಸಿ ಮತ್ತೆ ಹಚ್ಚಿ, ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದೆ. ಸೆಕೆಂಡಿಗೆ 240 ಫ್ರೇಮ್. ಟೇಪ್ ಒಂದು ಸುತ್ತು ಹಾಕೋಕೆ 24 ಫ್ರೇಮ್ ತೆಗೆದುಕೊಂಡಿತು. ಅಂದರೆ ಸೆಕೆಂಡಿಗೆ 10 ಸುತ್ತು, ನಿಮಿಷಕ್ಕೆ 600. ನಮ್ಮದು 6 ಪೋಲ್ (ಆರು ಕಾಂತಧ್ರುವದ) ಮೋಟಾರ್. 50 ಹರ್ಟ್ಸ್‌ನಲ್ಲಿ ಅದರ ಕಾಂತಕ್ಷೇತ್ರ ನಿಮಿಷಕ್ಕೆ 1000 ಸುತ್ತು ಹಾಕುತ್ತದೆ, ರೋಟರ್ (ಒಳಗೆ ತಿರುಗುವ ಭಾಗ) ಅದಕ್ಕಿಂತ ಸ್ವಲ್ಪ ಹಿಂದೆ, 850ರ ಆಸುಪಾಸು ಓಡಬೇಕು. 600 ಅಂದರೆ ಯಾವುದೋ ಹಿಡಿದು ಎಳೆಯುತ್ತಿದೆ. ಕ್ಲಾಂಪ್ ಮೀಟರ್‌ನಲ್ಲಿ ಇಡೀ ಎಸಿಯ ಕರೆಂಟ್ 9.6 ಆಂಪ್, ಇನ್ನೂ ಏರುತ್ತಿತ್ತು.

ಪವರ್ ತೆಗೆದು, ಜಾಲರಿ ಬಿಚ್ಚಿ ರೆಕ್ಕೆಯನ್ನು ಕೈಯಿಂದ ತಿರುಗಿಸಿದೆ. ಒಂದು ಸುತ್ತೂ ಪೂರ್ತಿ ಆಗಲಿಲ್ಲ, ನಿಂತಿತು. ಬೆರಳಿಗೆ ಮರಳು ಅರೆದ ಹಾಗೆ ಕರಕರ ತಾಗಿತು. ಬೇರಿಂಗ್ ಹೋಗಿದೆ. ಶುಕ್ರವಾರವೇ ಇದನ್ನು ಮಾಡಬೇಕಿತ್ತು. ಕೆಪಾಸಿಟರ್ ಕೆಟ್ಟಿದ್ದು ನಿಜ, ಆದರೆ ಅದೊಂದೇ ಅಲ್ಲ.

ಸಂಜೆ ಮೋಟಾರ್ ಇಳಿಸಿದೆ. ರೆಕ್ಕೆಯ ನಟ್‌ಗೆ ಪೆನೆಟ್ರೇಟಿಂಗ್ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದೆ. ನಮ್ಮದರಲ್ಲಿ ಥ್ರೆಡ್ ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಶಕ್ತಿ ಹಾಕುವ ಮೊದಲು ಇದನ್ನು ನೋಡಿಕೊಳ್ಳಿ. ರೆಕ್ಕೆ ಶಾಫ್ಟಿಗೆ ಕಚ್ಚಿಕೊಂಡಿತ್ತು. ಸುತ್ತಿಗೆ ಹಾಕಿದ್ದರೆ ಪ್ಲಾಸ್ಟಿಕ್ ಒಡೆಯುತ್ತಿತ್ತು. ಎರಡೂ ಕೈಯಲ್ಲಿ ನಡುವಿನ ಉಬ್ಬು ಭಾಗ ಹಿಡಿದು ಸ್ವಲ್ಪ ಸ್ವಲ್ಪವೇ ಅಲ್ಲಾಡಿಸುತ್ತಾ ಎಳೆದೆ. ಇದಕ್ಕೇ ಒಂದು ಗಂಟೆ ಹಿಡಿಯಿತು.

ಇಳಿಸುವಾಗ ಕಂಡದ್ದು: ಮೋಟಾರ್ ನಾಲ್ಕು ಸ್ಕ್ರೂ ಮೇಲೆ ಕೂರುತ್ತದೆ, ನಾಲ್ಕು ದಿಕ್ಕಿನಲ್ಲಿ ಹೇಗೆ ಬೇಕಾದರೂ ಕೂರಿಸಬಹುದು. ವೈರ್ ಹೊರಬರುವ ತೂತು, ಪಕ್ಕದಲ್ಲೇ ನೀರು ಸೋರಿಹೋಗುವ ಸಣ್ಣ ತೂತು, ಎರಡೂ ಆಕಾಶ ನೋಡುತ್ತಿದ್ದವು. ಹಿಂದೆ ಯಾವಾಗಲೋ ಸರ್ವೀಸ್ ಮಾಡಿದಾಗ ತಿರುವಿ ಕೂರಿಸಿದ್ದಾರೆ. ಮಳೆನೀರು ವೈರ್ ಮೇಲೇ ಹರಿದು ಬಂದು ಸೀದಾ ಮೋಟಾರಿನೊಳಗೆ. ಎಷ್ಟು ಮಳೆಗಾಲ ಹೀಗೇ ಕಳೆದಿದೆಯೋ ಅನ್ನಿಸಿ ಮನಸ್ಸಿಗೆ ಬೇಜಾರಾಯಿತು.

ಸೋಮವಾರ

ಬಿಚ್ಚುವ ಮೊದಲು ವೈಂಡಿಂಗ್ ನೋಡಿದೆ. ಅದು ಸುಟ್ಟಿದ್ದರೆ ಬೇರಿಂಗ್ ಹಾಕಿ ಏನು ಫಲ? ಮೂರು ವೈರ್, ಎರಡೆರಡಾಗಿ ಅಳತೆ: 182, 210, 392 ಓಮ್. ಮೊದಲೆರಡನ್ನು ಕೂಡಿಸಿದರೆ ಮೂರನೆಯದು ಬರಬೇಕು, ಬಂತು. ವೈಂಡಿಂಗ್‌ನಿಂದ ಮೋಟಾರಿನ ಹೊರಕವಚಕ್ಕೆ ಕರೆಂಟ್ ಲೀಕ್ ಆಗುತ್ತಿದೆಯಾ ನೋಡೋಕೆ ಪಂಪ್‌ಸೆಟ್ ಮೋಟಾರ್ ಸುತ್ತುವ ರಿವೈಂಡಿಂಗ್ ಅಂಗಡಿಗೆ ಒಯ್ದೆ. ಅವರು 500 ವೋಲ್ಟಿನ ಮೆಗ್ಗರ್ ಹಚ್ಚಿ "ಏನೂ ಆಗಿಲ್ರೀ, ಚಲೋ ಐತಿ" ಅಂದರು, ದುಡ್ಡು ತಗೊಳ್ಳಲಿಲ್ಲ.

ಎರಡು ಮುಚ್ಚಳ ಮತ್ತು ನಡುವಿನ ಬಾಡಿ ಸೇರುವಲ್ಲಿ ಮಾರ್ಕರ್‌ನಿಂದ ಗೆರೆ ಎಳೆದು, ನಾಲ್ಕು ಬೋಲ್ಟ್ ಬಿಚ್ಚಿದೆ. ಮುಂದಿನ ಬೇರಿಂಗ್‌ನಲ್ಲಿ ಗ್ರೀಸ್ ಒಣಗಿ ಮೇಣವಾಗಿತ್ತು. ಹಿಂದಿನದರಲ್ಲಿ ಗ್ರೀಸೇ ಇಲ್ಲ, ಇಟ್ಟಿಗೆ ಬಣ್ಣದ ತುಕ್ಕಿನ ಪುಡಿ. ನಂಬರ್ 6201: ಒಳವ್ಯಾಸ 12 ಮಿಲಿಮೀಟರ್, ಹೊರವ್ಯಾಸ 32, ದಪ್ಪ 10. ಇದ್ದದ್ದು ಎರಡೂ ಕಡೆ ತಗಡು ಮುಚ್ಚಿದ ಝಡ್‌ಝಡ್. ತಗಡು ಧೂಳನ್ನು ಒಂದಿಷ್ಟು ತಡೆಯುತ್ತದೆ, ನೀರನ್ನಲ್ಲ. ಹಾಗಾಗಿ ರಬ್ಬರ್ ಸೀಲಿನ 2ಆರ್‌ಎಸ್ ತಂದೆ, ಎರಡಕ್ಕೆ 240 ರೂಪಾಯಿ. ರಬ್ಬರ್ ಸೀಲಿನದು ತಿರುಗೋಕೆ ಸ್ವಲ್ಪ ಬಿಗಿ, ಆದರೆ ನಮ್ಮ ತಾರಸಿಯ ಬಿಸಿಲು, ಮಳೆ, ಧೂಳಿಗೆ ಅದೇ ಸರಿ.

ಮಂಗಳವಾರ

ಹಳೆಯವು ಪುಲ್ಲರ್‌ನಲ್ಲಿ ಸಲೀಸಾಗಿ ಬಂದವು. ಹೊಸತನ್ನು ಕೂರಿಸುವ ಮೊದಲು ರೋಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎರಡು ಗಂಟೆ ಫ್ರೀಜರ್‌ನಲ್ಲಿಟ್ಟೆ. ತಣ್ಣಗಾದ ಶಾಫ್ಟ್ ಒಂದಿಷ್ಟು ಕುಗ್ಗುತ್ತದೆ, ಕೂದಲೆಳೆಗಿಂತಲೂ ಕಡಿಮೆ. ಹೊರತೆಗೆದು ತೇವ ಒರೆಸಿ, ಬೇರಿಂಗ್‌ನ ಒಳಬಳೆಗೆ ಮಾತ್ರ ತಾಗುವಂಥ ಪೈಪ್ ತುಂಡು ಇಟ್ಟು ರಬ್ಬರ್ ಸುತ್ತಿಗೆಯಿಂದ ತಟ್ಟಿದೆ. ಹೊರಬಳೆಗೆ ಏಟು ಬಿದ್ದರೆ ಗುಂಡುಗಳ ದಾರಿಯಲ್ಲಿ ಗುಳಿ ಬೀಳುತ್ತದೆ, ಹೊಸ ಬೇರಿಂಗೂ ಸದ್ದು ಮಾಡುತ್ತದೆ.

ಮುಚ್ಚಿ ಬೋಲ್ಟ್ ಬಿಗಿದ ಮೇಲೆ ಚಾಪೆ ಮೇಲೆ ಅಲೆಯಾಕಾರದ ತೆಳು ವಾಷರ್ ಒಂದು ಉಳಿದಿತ್ತು. ಬೇರಿಂಗನ್ನು ಹಿಂದಿನಿಂದ ಒತ್ತಿ ಹಿಡಿಯುವ ಸ್ಪ್ರಿಂಗ್ ಅದೇ. ಅದಿಲ್ಲದಿದ್ದರೆ ಶಾಫ್ಟ್ ಹಿಂದೆ ಮುಂದೆ ಆಡುತ್ತದೆ. ಮತ್ತೆ ಬಿಚ್ಚಿ ಹಾಕಿದೆ. ಬೋಲ್ಟ್‌ಗಳನ್ನು ಎದುರುಬದುರಾಗಿ, ಒಂದೊಂದೇ ತಿರುವು ಬಿಗಿಯುತ್ತಾ ಪ್ರತಿ ಸಲ ಶಾಫ್ಟ್ ತಿರುಗಿಸಿ ನೋಡಿದೆ.

ಮೋಟಾರ್ ಕೂರಿಸಿದ್ದು ತೂತುಗಳು ಕೆಳಮುಖ ಮಾಡಿ. ವೈರನ್ನು ಮೋಟಾರಿಗಿಂತ ಕೆಳಗೆ ಇಳಿಬಿಟ್ಟು, ಬಳುಕಿಸಿ ಮೇಲಕ್ಕೆ ಒಯ್ದು ಟೈ ಹಾಕಿದೆ. ಕೈಯಿಂದ ತಿರುಗಿಸಿದರೆ ರೆಕ್ಕೆ ಈಗ ಆರೇಳು ಸುತ್ತು ಹಾಕಿ ಸದ್ದಿಲ್ಲದೆ ನಿಲ್ಲುತ್ತದೆ.

ಎಸಿ ಹಚ್ಚಿ ವಿಡಿಯೋ ತೆಗೆದೆ: ಒಂದು ಸುತ್ತು ಹಾಕೋಕೆ 17 ಫ್ರೇಮ್. ನಿಮಿಷಕ್ಕೆ 847. ಎರಡು ಸಲ ಎಣಿಸಿದೆ. ಬುಧವಾರ ಮಧ್ಯಾಹ್ನ ಮೂರರ ಉರಿಬಿಸಿಲಿನಲ್ಲಿ ಕರೆಂಟ್ 7.4 ಆಂಪ್, ಸಂಜೆವರೆಗೂ ಅಲ್ಲೇ ನಿಂತಿತ್ತು.

ಮುಂದಿನ ಭಾನುವಾರ

ನಿನ್ನೆ ರಾತ್ರಿ ಗಾಳಿ, ಗುಡುಗು, ಒಳ್ಳೇ ಮಳೆ. ಬೆಳಗ್ಗೆ ಆರಕ್ಕೇ ಎಂಸಿಬಿ ಇಳಿಸಿ ಜಾಲರಿ ಬಿಚ್ಚಿ ಇಣುಕಿದೆ. ಯೂನಿಟ್‌ನ ತಳದಲ್ಲಿ ನೀರು ನಿಂತಿದೆ, ಕಾಯಿಲ್ ತೊಯ್ದಿದೆ. ಮೋಟಾರಿನ ವೈರ್ ತೂತಿನ ಸುತ್ತ ಬೆರಳಾಡಿಸಿದೆ, ಒಣಗಿತ್ತು. ಕೆಳಗೆ ಬಳುಕಿಸಿದ ವೈರಿನ ತುದಿಬಾಗಿನಲ್ಲಿ ಒಂದು ಹನಿ ತೂಗುತ್ತಿತ್ತು. ನೋಡುತ್ತಿದ್ದ ಹಾಗೇ ತಳಕ್ಕೆ ಬಿತ್ತು.