ಸಿಂದಗಿ ರಸ್ತೆಯ ಎದುರುಗಾಳಿ

ವಿಜಯಪುರ ಅಂದರೆ ಬಿಸಿಲು, ಧೂಳು, ಗೋಲಗುಮ್ಮಟ ಅಂತ ಎಲ್ಲರೂ ಹೇಳುತ್ತಾರೆ. ಗಾಳಿಯ ಸುದ್ದಿ ಯಾರೂ ಎತ್ತುವುದಿಲ್ಲ. ಜನವರಿಯ ಬೆಳಿಗ್ಗೆ ಸಿಂದಗಿ ರಸ್ತೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ಸೈಕಲ್ ತುಳಿದರೆ ತಾನೇ ಗೊತ್ತಾಗುತ್ತದೆ.

ಧಾರವಾಡದಿಂದ ನಾವು ನಾಲ್ವರು ಗೆಳತಿಯರು ಹೋಗಿದ್ದು ಹೆಂಗಸರ ಸೈಕಲ್ ಜಾಥಾಕ್ಕೆ. ಗೋಲಗುಮ್ಮಟದಿಂದ ಕುಮಟಗಿಗೆ ಹೋಗಿ ವಾಪಸ್ ಬರುವುದು, ಹೆಚ್ಚುಕಡಿಮೆ 40 ಕಿಲೋಮೀಟರ್. ನಾವು ಕಟ್ಟಿದ ಶುಲ್ಕದಲ್ಲಿ ಹಳ್ಳಿಯ ಹೈಸ್ಕೂಲ್ ಹುಡುಗಿಯರಿಗೆ ಸೈಕಲ್ ಕೊಡಿಸುತ್ತಾರೆ. ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಸರ್ಕಾರ 2006ರಲ್ಲಿ ಶುರು ಮಾಡಿತ್ತು. ಕೊರೊನಾ ಬಂದಾಗ ನಿಂತುಹೋಯಿತು. ಈ ಕಡೆ ಎಷ್ಟೋ ಊರಲ್ಲಿ ಏಳನೇ ತರಗತಿವರೆಗೆ ಮಾತ್ರ ಶಾಲೆ. ಮುಂದೆ ಓದಬೇಕೆಂದರೆ ಪಕ್ಕದ ಊರಿಗೆ ನಡೆಯಬೇಕು, ಬಸ್ಸು ಬಂದರೆ ಪುಣ್ಯ. ಹುಡುಗರು ಯಾರದೋ ಬೈಕಿನ ಹಿಂದೆ ಹತ್ತಿ ಹೋಗುತ್ತಾರೆ. ಹುಡುಗಿಯರು ಮನೆಯಲ್ಲಿ ಉಳಿಯುತ್ತಾರೆ.

ಹಿಂದಿನ ದಿನ ಊರು ಸುತ್ತಿದ್ದನ್ನು ಬಿಟ್ಟುಬಿಡುತ್ತೇನೆ. ಒಂದೇ ಮಾತು: ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಪಿಸುಗುಟ್ಟುವವರು ಯಾರೂ ಇಲ್ಲ, ಎಲ್ಲರೂ ಕಿರುಚುತ್ತಾರೆ. ನನ್ನನ್ನು ಕೇಳಿದರೆ ಇಬ್ರಾಹಿಂ ರೋಜಾ ಎಷ್ಟೋ ವಾಸಿ.

ಬೆಳಿಗ್ಗೆ ಆರೂವರೆಗೆ ಹೊರಡಬೇಕಿತ್ತು. ಭಾಷಣ, ಹಾರ, ಡಿಜೆ, ಜುಂಬಾ ಎಲ್ಲ ಮುಗಿಯುವ ಹೊತ್ತಿಗೆ ಏಳೂವರೆ. ಹೆಂಗಸರ ಕಾರ್ಯಕ್ರಮ ಅಂದ ಕೂಡಲೇ ಗುಲಾಬಿ ಬಣ್ಣದ ಟೀ ಶರ್ಟ್ ಯಾಕೆ ಬರುತ್ತದೋ! ಅದೂ ಎಲ್ಲ ಒಂದೇ ಅಳತೆ. ನನ್ನದು ಮೊಣಕಾಲು ಮುಟ್ಟುತ್ತಿತ್ತು. ಪೆಡಲಿಗೆ ಸಿಕ್ಕೀತೆಂದು ಸೊಂಟಕ್ಕೆ ಗಂಟು ಹಾಕಿಕೊಂಡೆ.

ಊರು ದಾಟುತ್ತಿದ್ದಂತೆ ಎರಡೂ ಬದಿ ಕಪ್ಪು ಮಣ್ಣು, ತೆನೆ ಕಟ್ಟಿದ ಬಿಳಿಜೋಳ. ಮರ ಕಡಿಮೆ. ಗಾಳಿಗೆ ತಡೆಯೇ ಇಲ್ಲ. ಸಪಾಟಾದ ರಸ್ತೆ, ಏರು ಒಂದಿಷ್ಟೂ ಇಲ್ಲ, ಆದರೂ ಸೈಕಲ್ ಮುಂದೆ ಹೋಗಲೊಲ್ಲದು. ಯಾರೋ ಎದೆಗೆ ಕೈ ಇಟ್ಟು ಹಿಂದಕ್ಕೆ ದಬ್ಬಿದ ಹಾಗೆ. ಬ್ಯಾಂಕಿನಲ್ಲಿರುವ ನಮ್ಮ ಗೆಳತಿಯಂತೂ ಬ್ರೇಕ್ ಹಿಡಿದುಕೊಂಡಿದೆ ಅಂತ ಇಳಿದು ಗಾಲಿ ತಿರುಗಿಸಿ ನೋಡಿದಳು.

ಅಷ್ಟರಲ್ಲಿ ನನ್ನ ಹಿಂದಿನ ಗಾಲಿ ಪಂಕ್ಚರ್. ಜಾಲಿ ಮುಳ್ಳು. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಸೈಕಲ್ ಬಾಡಿಗೆಗೆ ಕೊಟ್ಟ ಅಂಗಡಿಯವನು ಪಂಪು, ಟ್ಯೂಬು ಎಲ್ಲ ಇದೆ ಅಂತ ಚೀಲ ಕಟ್ಟಿ ಕೊಟ್ಟಿದ್ದ. ನೋಡಿದರೆ ಪಂಪಿನ ಬಾಯಿ ದಪ್ಪ ವಾಲ್ವಿನದು, ಟ್ಯೂಬಿಗಿದ್ದದ್ದು ಸಣ್ಣ ಪ್ರೆಸ್ಟಾ ವಾಲ್ವು. ಸಹಾಯಕ್ಕಿದ್ದ ವ್ಯಾನು ಮುಂದೆ ಹೋದವರ ಫೋಟೊ ತೆಗೆಯುತ್ತ ಎಲ್ಲೋ ಹೋಗಿತ್ತು. ಬಾಡಿಗೆ ಸೈಕಲ್ ತೆಗೆದುಕೊಳ್ಳುವವರು ಅಂಗಡಿಯಲ್ಲೇ ನಿಂತು ಒಮ್ಮೆ ಗಾಳಿ ಹಾಕಿಸಿ ನೋಡಿ. ಟ್ಯೂಬ್ ಬದಲಿಸುವಾಗ ಟೈರಿನ ಒಳಗೆ ಬಟ್ಟೆ ಆಡಿಸಿ ಮುಳ್ಳು ಹುಡುಕಿ. ಇಲ್ಲದಿದ್ದರೆ ಅದೇ ಮುಳ್ಳು ಹೊಸ ಟ್ಯೂಬನ್ನೂ ತಿನ್ನುತ್ತದೆ.

ಈ ಬಟ್ಟೆ ಆಡಿಸುವ ಉಪಾಯ ಹೇಳಿಕೊಟ್ಟಿದ್ದು ಒಬ್ಬ ಹುಡುಗಿ. ಹದಿನೇಳು ಇದ್ದೀತು. ಸ್ವಯಂಸೇವಕಿ ಅಂತ ಬ್ಯಾಡ್ಜ್ ಹಾಕಿಕೊಂಡು, ಹಿಂದೆ ಉಳಿದವರನ್ನು ಹುಡುಕುತ್ತ ಬಂದಿದ್ದಳು. ನಾನು ಚೀಲ ಬಿಚ್ಚಿ ಮುಗಿಸುವುದರೊಳಗೆ ಅವಳು ಟ್ಯೂಬ್ ಹಾಕಿ, ತನ್ನ ಪಂಪಿನಿಂದ ಗಾಳಿ ತುಂಬಿಯಾಗಿತ್ತು. ಆಮೇಲೆ ನಾಲ್ವರನ್ನೂ ಒಮ್ಮೆ ನೋಡಿದಳು.

"ಅಕ್ಕಾರ, ಹಿಂಗ ಅಡ್ಡಡ್ಡ ಹೋದ್ರ ಎಲ್ಲಾರೂ ದಣೀತೀರಿ. ಒಬ್ಬರ ಹಿಂದ ಒಬ್ಬರು ಬರ್ರಿ. ಗಾಲಿ ನೋಡಬ್ಯಾಡ್ರಿ, ಮುಂದಿನವ್ರ ಬೆನ್ನ ನೋಡ್ರಿ."

ಅವಳು ಮುಂದೆ, ನಾವು ಸಾಲಾಗಿ ಹಿಂದೆ. ನನಗೆ ನಂಬಲಾಗಲಿಲ್ಲ. ಗಾಳಿಯ ಸದ್ದು ಕಿವಿಯಿಂದ ಹೋಯಿತು, ಕಾಲು ಹಗುರವಾಯಿತು. ಮುಂದಿನವರ ಮರೆಯಲ್ಲಿ ಹೋದರೆ ಕಾಲುಭಾಗಕ್ಕಿಂತ ಜಾಸ್ತಿ ಶ್ರಮ ಉಳಿಯಬಹುದಂತೆ. ಮುಂದಿನವರು ಸ್ವಲ್ಪ ಹೊತ್ತಿಗೆ ಪಕ್ಕಕ್ಕೆ ಸರಿದು ಕೊನೆಗೆ ಸೇರಿಕೊಳ್ಳಬೇಕು. ನನ್ನ ಸರದಿ ಬಂದಾಗ ಎಣಿಸುತ್ತ ತುಳಿದೆ. ಅರವತ್ತು ಎಣಿಸುವಷ್ಟರಲ್ಲಿ ಬಾಯಿ ಒಣಗಿತು. ಹಿಂದಿನಿಂದ ಅವಳ ದನಿ: "ಸಾಕ್ರಿ, ಸರೀರಿ!" ಲಾರಿಗಳು ಪಕ್ಕದಲ್ಲೇ ಹಾಯುತ್ತಿದ್ದರೂ ಸಾಲು ಮುರಿಯಲಿಲ್ಲ. ಮೊದಲು ನಮ್ಮನ್ನು ಹಿಂದೆ ಹಾಕಿದ್ದ ಡಾಕ್ಟರುಗಳ ಗುಂಪನ್ನು ದಾಟಿದೆವು. ಸುಮ್ನೆ ಹೇಳುತ್ತಿಲ್ಲ, ಗಂಟೆ ಬಾರಿಸಿಕೊಂಡೇ ದಾಟಿದೆವು.

ಕುಮಟಗಿಯಲ್ಲಿ ಆದಿಲ್‌ಶಾಹಿಗಳ ಬೇಸಿಗೆ ಅರಮನೆ ಇದೆ. ಕೆರೆ, ಮಂಟಪ, ನೀರು ಚಿಮ್ಮಿಸಲು ಕಟ್ಟಿದ ಕೊಳವೆ ವ್ಯವಸ್ಥೆ. ಗೋಡೆಯ ಮೇಲೆ ಕುದುರೆ ಏರಿ ಚೆಂಡಾಟ ಆಡುವವರ ಚಿತ್ರಗಳು, ಈಗ ತುಂಬ ಮಾಸಿವೆ. ಗುಂಪು ಅಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಿತ್ತು. ನಾವು ನೆರಳಲ್ಲಿ ರೊಟ್ಟಿ, ಝುಣಕ, ಶೇಂಗಾ ಹಿಂಡಿ ಹಾಕಿಸಿಕೊಂಡು ಆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆವು.

ಅವಳು ಬಾಗಲಕೋಟೆ ಹತ್ತಿರದ ತುಳಸಿಗೇರಿ ಕಡೆಯವಳು. ಸೈಕಲ್ ಪಟುಗಳಿಗೆ ಹೆಸರಾದ ಊರು ಅದು. ಈಗ ವಿಜಯಪುರದಲ್ಲಿ ತರಬೇತಿ. ಮೊದಲು ತುಳಿದದ್ದು ಅಣ್ಣನ ಸೈಕಲ್, ಸೀಟು ಎಟುಕದೆ ಕತ್ತರಿ ಹಾಕಿಕೊಂಡು, ಅಂದರೆ ಚೌಕಟ್ಟಿನ ಸಂದಿಯಲ್ಲಿ ಕಾಲು ತೂರಿಸಿ. ಆಮೇಲೆ ಜಾತ್ರೆಯ ಶರ್ಯತ್ತುಗಳು, ಅಂದರೆ ಸೈಕಲ್ ಪಂದ್ಯಗಳು.

"ಗೆದ್ರ ಏನ್ ಕೊಡ್ತಾರ?" ಅಂತ ಕೇಳಿದೆ.

"ಗಂಡಸ್ರಿಗೆ ರೊಕ್ಕ ಕೊಡ್ತಾರ್ರಿ. ನಮಗ ಕೊಡ, ಕುಕ್ಕರ್, ಡಬ್ಬಿ. ಮನ್ಯಾಗ ಜಾಗ ಇಲ್ಲ ಈಗ. ಲಗ್ನಕ್ಕ ಭಾಂಡೆ ತರೂದು ಉಳೀತು ಅಂತಾಳ ನಮ್ಮವ್ವ."

"ನಿನಗ ಏನ್ ಬೇಕಿತ್ತು?"

"ಟೈರ್ ರೀ." ಯೋಚಿಸುವ ಮೊದಲೇ ಬಂದ ಉತ್ತರ. ರೇಸಿಂಗ್ ಟೈರು ಬೇಗ ಸವೆಯುತ್ತವೆ, ಒಂದೊಂದಕ್ಕೂ ಸಾವಿರಗಟ್ಟಲೆ. ಎರಡು ಕುಕ್ಕರ್ ಮಾರಿ ಒಂದು ಟೈರು ತಂದಿದ್ದಾಳಂತೆ. ಅವ್ವನಿಗೆ ಹೇಳಿಲ್ಲ. ಮೂರನೆಯ ಕುಕ್ಕರು ಮಾರುವುದು ಕಷ್ಟ, ಅವ್ವ ಅದರಲ್ಲಿ ಅನ್ನ ಮಾಡಲು ಶುರು ಮಾಡಿದ್ದಾಳೆ.

ಬ್ಯಾಂಕಿನ ಗೆಳತಿ ಕಾಗದದ ತಟ್ಟೆ ಹಿಂದೆ ಲೆಕ್ಕ ಹಾಕತೊಡಗಿದಳು. ನಮ್ಮ ಟೀ ಶರ್ಟು, ಮೆಡಲು, ಡಿಜೆ ಬಾಡಿಗೆ ಸೇರಿಸಿದರೆ ಎಷ್ಟು ಟೈರು ಅಂತ. ಹುಡುಗಿ ತಟ್ಟೆ ಕಸಿದುಕೊಂಡಳು. "ಹಂಗ ಅನಬ್ಯಾಡ್ರಿ ಅಕ್ಕಾ, ಡಿಜೆ ಹಚ್ಚಲಿಲ್ಲಂದ್ರ ಈ ಊರಾಗ ಯಾರೂ ಬರಂಗಿಲ್ಲ."

ವಾಪಸ್ ದಾರಿಯ ಬಗ್ಗೆ ಹೇಳುವಂಥದ್ದು ಇಲ್ಲ. ಗಾಳಿ ಬೆನ್ನಿಗಿತ್ತು, ಎಲ್ಲರೂ ಶೂರರಾದರು, ಸಾಲು ಪಾಲು ಯಾರಿಗೂ ನೆನಪಾಗಲಿಲ್ಲ. ಮಧ್ಯೆ ಒಂದು ಹೊಲದಲ್ಲಿ ಸೀತನಿ, ಅಂದರೆ ಎಳೆ ಜೋಳದ ತೆನೆ, ಸುಡುತ್ತಿದ್ದರು. ಇಳಿದು ಬೆಲ್ಲದ ಜೊತೆ ತಿಂದೆವು. ಕೊನೆಯಲ್ಲಿ ಕೊರಳಿಗೆ ಹಾಕಿದ ಮೆಡಲಿಗಿಂತ ಅದೇ ಹೆಚ್ಚು ಬೆಲೆ ಬಾಳುತ್ತದೆ ಅಂತ ನನ್ನ ಎಣಿಕೆ.

ಹೊರಡುವಾಗ ಹುಡುಗಿ ಒಂದು ಜಾತ್ರೆಯ ಹೆಸರು ಹೇಳಿದಳು. ಯುಗಾದಿ ಆದ ಮೇಲೆ ಅಲ್ಲಿ ಹೆಂಗಸರ ಶರ್ಯತ್ತು ಇದೆಯಂತೆ, ವಯಸ್ಸಿನ ಕಟ್ಟು ಇಲ್ಲವಂತೆ. ನಾವು ನಾಲ್ವರೂ ಹೆಸರು ಕೊಟ್ಟು ಬಂದಿದ್ದೇವೆ. ಮೊದಲ ಬಹುಮಾನ ಈ ಸಲ ಮಿಕ್ಸರ್.