ಭತ್ತದ ಹೊಟ್ಟಿನ ಬೂದಿಯಿಂದ ಸಿಮೆಂಟ್ ಉಳಿಸುವ ಪ್ರಯೋಗ: ಆರನೆಯ ತಿಂಗಳ ದಾಖಲೆ

ಈ ತಿಂಗಳ ದಾಖಲೆಯನ್ನು ಸೋಲಿನಿಂದಲೇ ಆರಂಭಿಸಬೇಕಾಗಿದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಿಂದ ತಂದ ಬೂದಿಯನ್ನು ಸಿಮೆಂಟಿನ ಶೇ 15ರಷ್ಟು ಪಾಲಿಗೆ ಬದಲಾಗಿ ಬೆರೆಸಿ ಹಾಕಿದ್ದ ಘನಗಳು, ಅಂದರೆ ಬಲ ಪರೀಕ್ಷಿಸಲು ಅಚ್ಚಿನಲ್ಲಿ ಹೊಯ್ದ ಗಟ್ಟಿಗಳು, 28ನೆಯ ದಿನದ ಪರೀಕ್ಷೆಯಲ್ಲಿ ಪ್ರತಿ ಚದರ ಮಿಲಿಮೀಟರಿಗೆ 24 ನ್ಯೂಟನ್ ಒತ್ತಡಕ್ಕೇ ಒಡೆದವು. ಬರೀ ಸಿಮೆಂಟ್ ಮತ್ತು ಮರಳಿನ ಘನಗಳು 36ರವರೆಗೆ ತಾಳಿದ್ದವು. ಒಡೆದ ತುಂಡಿನ ಒಳಮೈ ಕಪ್ಪಗಿತ್ತು. ಹೆಬ್ಬೆರಳಿನಿಂದ ಉಜ್ಜಿದರೆ ಲಾಟೀನಿನ ಗಾಜಿನ ಮಸಿಯಂತೆ ಕೈಗೆ ಹತ್ತಿತು. ಪೂರ್ತಿ ಉರಿಯದೆ ಉಳಿದ ಇಂಗಾಲವೇ ಆ ಮಸಿ. ಅದೇ ಬೂದಿಯಲ್ಲಿ 100 ಗ್ರಾಂ ತೂಗಿ ಮತ್ತೊಮ್ಮೆ ಕೆಂಪಗೆ ಕಾಯಿಸಿದಾಗ 16 ಗ್ರಾಂ ಉರಿದುಹೋಯಿತು.

ಈ ಕೆಲಸಕ್ಕೆ ನಾನು ಯಾಕೆ ಕೈಹಾಕಿದೆ ಎಂಬುದನ್ನು ಹೊಸ ಓದುಗರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ಹರಿಹರದ ಫೌಂಡ್ರಿಯೊಂದರಲ್ಲಿ 19 ವರ್ಷ ಕುಲುಮೆಯ ಮುಂದೆ ನಿಂತವನು ನಾನು. ಈಗ ಸಿಮೆಂಟ್ ಬ್ಲಾಕ್ ಮಾಡುವ ಸಣ್ಣ ಅಂಗಳ ಇಟ್ಟುಕೊಂಡಿದ್ದೇನೆ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸುಮಾರು ಶೇ 7ರಿಂದ 8ರಷ್ಟು ಸಿಮೆಂಟ್ ಉದ್ಯಮದ್ದು. ಇದರ ದೊಡ್ಡ ಪಾಲು ಕಲ್ಲಿದ್ದಲಿನ ಹೊಗೆಯಿಂದ ಬರುವುದಲ್ಲ, ಸುಣ್ಣದಕಲ್ಲಿನ ಒಡಲಿನಿಂದಲೇ ಬರುತ್ತದೆ. 100 ಕಿಲೋ ಶುದ್ಧ ಸುಣ್ಣದಕಲ್ಲನ್ನು ಸುಟ್ಟರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಅನಿಲವಾಗಿ ಹಾರಿಹೋಗುತ್ತದೆ; ಗೂಡಿಗೆ ಎಂಥ ಶುದ್ಧ ಇಂಧನವನ್ನು ಹಾಕಿದರೂ ಈ 44 ಕಿಲೋ ತಪ್ಪುವುದಿಲ್ಲ. ಆದ್ದರಿಂದ ಸಿಮೆಂಟಿನ ಮುಖ್ಯ ಭಾಗವಾದ, ಸುಟ್ಟ ಸುಣ್ಣದಕಲ್ಲಿನ ಕ್ಲಿಂಕರನ್ನೇ ಕಡಿಮೆ ಬಳಸುವುದು ಎಲ್ಲಕ್ಕಿಂತ ನೇರವಾದ ದಾರಿ. ದೊಡ್ಡ ಕಾರ್ಖಾನೆಗಳು ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯನ್ನೂ ಉಕ್ಕಿನ ಕಾರ್ಖಾನೆಯ ಕಿಟ್ಟವನ್ನೂ ಬೆರೆಸಿ ಈ ದಾರಿಯಲ್ಲಿ ಬಹಳ ದೂರ ನಡೆದಿವೆ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ನಮ್ಮ ಸೀಮೆಯಲ್ಲಿ ಕೈಗೆ ಸಿಗುವುದು ಹೊಟ್ಟು. ಭತ್ತದ ತೂಕದ ಐದನೆಯ ಒಂದು ಪಾಲು ಹೊಟ್ಟು, ಹೊಟ್ಟಿನ ಐದನೆಯ ಒಂದು ಪಾಲು ಬೂದಿ, ಆ ಬೂದಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲಿನಷ್ಟು ಸಿಲಿಕಾ.

ಸಿಮೆಂಟ್ ನೀರು ಕುಡಿದು ಗಟ್ಟಿಯಾಗುವಾಗ ಒಂದಿಷ್ಟು ಸುಣ್ಣ ಬಿಡುಗಡೆಯಾಗಿ ಕೆಲಸಕ್ಕೆ ಬಾರದೆ ಉಳಿಯುತ್ತದೆ. ಬೂದಿಯ ಸಿಲಿಕಾ ಆ ಸುಣ್ಣದೊಡನೆ ಕೂಡಿಕೊಂಡು ಮತ್ತಷ್ಟು ಅಂಟನ್ನು ಹುಟ್ಟಿಸುತ್ತದೆ. ಹಿಂದಿನವರು ಗಾರೆಗೆ ಇಟ್ಟಿಗೆಪುಡಿ ಹಾಕಿ ಅರೆಯುತ್ತಿದ್ದುದರ ಹಿಂದೆಯೂ ಇದೇ ಗುಣವಿದೆ. ಆದರೆ ಸಿಲಿಕಾ ಹರಳುಗಟ್ಟದೆ ಇದ್ದರೆ ಮಾತ್ರ ಈ ಕೂಡಿಕೆ ಚೆನ್ನಾಗಿ ನಡೆಯುತ್ತದೆ. ಸುಮಾರು 700 ಡಿಗ್ರಿ ಸೆಲ್ಸಿಯಸ್ ದಾಟಿ ಬಹಳ ಹೊತ್ತು ಕಾದರೆ ಅದು ಹರಳುಗಟ್ಟತೊಡಗಿ ಮರಳಿನಷ್ಟೇ ಜಡವಾಗುತ್ತದೆ. ಉರಿ ಸಾಲದಿದ್ದರೆ ಇಂಗಾಲ ಉಳಿದು ಬೂದಿ ಕಪ್ಪಾಗುತ್ತದೆ. ಕಾಂಕ್ರೀಟಿನ ನಮ್ಮ ರಾಷ್ಟ್ರೀಯ ಮಾನಕವಾದ ಐಎಸ್ 456, 2000ದ ಆವೃತ್ತಿಯಲ್ಲಿ, ಹೊಟ್ಟಿನ ಬೂದಿಯನ್ನು ಬಳಸಲು ಅವಕಾಶ ಕೊಟ್ಟಿದೆ. ಜೊತೆಗೆ, ಸರಿಯಾಗಿ ಸುಡದ ಬೂದಿ ಕಾಂಕ್ರೀಟಿಗೆ ಹೂಳಿನಷ್ಟೇ ಹಾನಿಕರವಾಗಬಹುದೆಂದೂ, ಒಂದೊಂದು ಮೂಲದ ಬೂದಿಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕೆಂದೂ ಎಚ್ಚರಿಸಿದೆ. ಈ ಎಚ್ಚರಿಕೆಯನ್ನು ನಾನು ಮೊದಲೇ ಓದಿದ್ದೆ. ಆದರೂ, ಭಟ್ಟಿಯ ಬೂದಿ ಪುಕ್ಕಟೆ ಸಿಗುತ್ತದೆಂಬ ಆಸೆಯಿಂದ ನಾಲ್ಕು ತಿಂಗಳು ಅದನ್ನೇ ಜರಡಿ ಹಿಡಿಯುತ್ತ ಕಳೆದೆ.

ಅಲ್ಲಿಂದ ಮುಂದೆ ಸುಡುವ ಕೆಲಸವನ್ನು ನಾನೇ ಮಾಡಿದೆ. 200 ಲೀಟರಿನ ಹಳೆಯ ಎಣ್ಣೆ ಡ್ರಮ್ಮಿನ ಸುತ್ತ ತೂತು ಕೊರೆದು, ಒಳಗೆ ತಂತಿಜಾಲರಿಯ ಎರಡು ಕೊಳವೆಗಳನ್ನು ಒಂದರೊಳಗೊಂದು ನಿಲ್ಲಿಸಿ, ಅವುಗಳ ನಡುವಿನ ಸಂದಿನಲ್ಲಿ 20 ಕಿಲೋ ಹೊಟ್ಟು ತುಂಬಿದೆ. ಹೀಗೆ ಮಾಡಿದರೆ ಹೊಟ್ಟಿನ ಪದರ ತೆಳುವಾಗಿದ್ದು ಎರಡೂ ಕಡೆಯಿಂದ ಗಾಳಿ ಆಡುತ್ತದೆ. ಕೆಳಗೆ ಬೆಂಕಿ ಹಚ್ಚಿ, ನಡುಭಾಗಕ್ಕೆ ಬಿಸಿ ಅಳೆಯುವ ಥರ್ಮೋಕಪಲ್ ಇಳಿಸಿ, ಅರ್ಧ ಗಂಟೆಗೊಮ್ಮೆ ಬಿಸಿಯನ್ನು ಬರೆದುಕೊಂಡೆ. ಮೊದಲ ಸಲ ಸಂಜೆಯ ಗಾಳಿ ಬೀಸಿದ್ದೇ ತಡ, ಮುಳ್ಳು 820ಕ್ಕೆ ಏರಿತು. ಬೆಳಿಗ್ಗೆ ತೆಗೆದ ಬೂದಿ ತಿಳಿಗುಲಾಬಿ ಬಣ್ಣಕ್ಕೆ ತಿರುಗಿ, ಗಟ್ಟಿ ಉಂಡೆಗಳಾಗಿತ್ತು. ಎರಡನೆಯ ಸಲ ಅರ್ಧದಷ್ಟು ತೂತುಗಳನ್ನು ಜೇಡಿಮಣ್ಣಿನಿಂದ ಮುಚ್ಚಿ, ಗಾಳಿ ಬರುವ ಕಡೆಗೆ ತಗಡು ಅಡ್ಡ ಇಟ್ಟೆ. ಬಿಸಿ 580 ಮತ್ತು 650ರ ನಡುವೆಯೇ ನಿಂತಿತು. ರಾತ್ರಿಯಿಡೀ ಹೊಗೆಯಾಡಿ ಆರಿದ ಮೇಲೆ 3.8 ಕಿಲೋ ಬೂದಿ ಸಿಕ್ಕಿತು: ಬಿಳಿಬೂದು ಬಣ್ಣ, ಹೊಟ್ಟಿನ ಆಕಾರ ಇನ್ನೂ ಹಾಗೆಯೇ ಇತ್ತು, ಮುಟ್ಟಿದರೆ ವಿಭೂತಿಯಂತೆ ಪುಡಿಯಾಯಿತು. ಫೌಂಡ್ರಿಯಲ್ಲಿ ಕರಗಿದ ಕಬ್ಬಿಣದ ಬಣ್ಣ ನೋಡಿ ಬಿಸಿ ಅಳೆಯುತ್ತಿದ್ದ ಕಣ್ಣಿಗೆ ಬೂದಿಯ ಬಣ್ಣ ಓದುವುದು ಈಗ ರೂಢಿಯಾಗುತ್ತಿದೆ.

ಅರ್ಧ ಎಚ್‌ಪಿ ಮೋಟಾರಿನ ಬಾಲ್ ಮಿಲ್ಲಿನಲ್ಲಿ ಎರಡು ಗಂಟೆ ಅರೆದ ಈ ಬೂದಿಯನ್ನು ಶೇ 15ರಷ್ಟು ಬೆರೆಸಿದ ಘನಗಳು 28ನೆಯ ದಿನ 37 ನ್ಯೂಟನ್ ತಾಳಿದವು. ಬರೀ ಸಿಮೆಂಟಿನದಕ್ಕಿಂತ ಒಂದು ಹೆಚ್ಚು. ಮೂರು ಮೂರು ಘನಗಳ ಸರಾಸರಿಯಲ್ಲಿ ಇಷ್ಟು ವ್ಯತ್ಯಾಸವನ್ನು ಗೆಲುವೆಂದು ಕರೆಯಲಾಗದು, ಸರಿಸಮವೆಂದು ಧೈರ್ಯವಾಗಿ ಹೇಳಬಹುದು. ನೀರಿನ ತೊಂದರೆ ಮಾತ್ರ ಬಗೆಹರಿದಿಲ್ಲ. ಬೂದಿಯ ಕಣಗಳಲ್ಲಿ ಸಣ್ಣ ರಂಧ್ರಗಳು ತುಂಬಿರುವುದರಿಂದ ಅವು ನೀರನ್ನು ಹೀರುತ್ತವೆ. ಶೇ 20 ಬೆರೆಸಿದಾಗ ಕಲಸು ಬಿಗಿದುಕೊಂಡಿತು, ಮೇಸ್ತ್ರಿ ನೀರು ಸುರಿದರು, ಒಣಗಿದ ಮೇಲೆ ಕೂದಲೆಳೆಯಂಥ ಬಿರುಕುಗಳು ಬಂದವು. ಸದ್ಯಕ್ಕೆ 15ರ ಮೇಲೆ ಹೋಗುವುದಿಲ್ಲ.

ಲಾಭವನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಬೇಕು. ಒಂದು ಕಿಲೋ ಬೂದಿ ಅರೆಯಲು ನನ್ನ ಮಿಲ್ಲಿಗೆ ಸುಮಾರು 0.2 ಯೂನಿಟ್ ವಿದ್ಯುತ್ ಬೇಕು. ನಮ್ಮ ಗ್ರಿಡ್ಡಿನ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ಅದು 0.14 ಕಿಲೋ. ಉಳಿಯುವ ಒಂದು ಕಿಲೋ ಕ್ಲಿಂಕರಿನದು 0.8 ಕಿಲೋಗೂ ಮೇಲೆ. ಲೆಕ್ಕ ನಮ್ಮ ಕಡೆಗೇ ಇದೆ. ಆದರೆ ಡ್ರಮ್ಮಿನಲ್ಲಿ ರಾತ್ರಿಯಿಡೀ ಉರಿದ 20 ಕಿಲೋ ಹೊಟ್ಟಿನ ಶಾಖ ಯಾರಿಗೂ ಉಪಯೋಗವಾಗದೆ ಆಕಾಶಕ್ಕೆ ಹೋಯಿತು, ಹೊಗೆಯಿಂದ ಅಕ್ಕಪಕ್ಕದ ಮನೆಯವರಿಗೆ ತೊಂದರೆಯೂ ಆಯಿತು. ಇದು ನನ್ನ ಪ್ರಯೋಗದ ದೊಡ್ಡ ದೋಷವೆಂದು ನಾನು ಒಪ್ಪುತ್ತೇನೆ. ಮಂಡಕ್ಕಿ ಹುರಿಯಲು, ಅಕ್ಕಿ ಗಿರಣಿಯಲ್ಲಿ ಭತ್ತ ಕುದಿಸಲು ದಿನವೂ ಹೊಟ್ಟು ಉರಿಯುತ್ತಲೇ ಇದೆ. ಒಳ್ಳೆಯ ಬೂದಿ ಹುಟ್ಟಬೇಕಾದದ್ದು ಅಲ್ಲಿಯೇ.

ಹೀಗಾಗಿ ಕಳೆದ ವಾರ ಮತ್ತೆ ಅದೇ ಭಟ್ಟಿಗೆ ಹೋದೆ. "ಬೂದಿ ಅಂದ್ರೆ ಬೂದಿ ಸರ, ಅದ್ರಾಗೆ ಏನ್ ನೋಡ್ತೀರಿ?" ಎಂದು ಯಜಮಾನರು ಕೇಳಿದರು. ಕಪ್ಪು, ಗುಲಾಬಿ, ಬಿಳಿಬೂದು ಬಣ್ಣದ ಮೂರು ಪೊಟ್ಟಣಗಳನ್ನೂ ಮೂರು ಒಡೆದ ತುಂಡುಗಳನ್ನೂ ಅವರ ಮುಂದಿಟ್ಟೆ. ಕಪ್ಪು ಪೊಟ್ಟಣದ ಮಸಿಯೆಲ್ಲ ಉರಿಯದೆ ಪೋಲಾದ ಅವರದೇ ಇಂಧನ ಎಂದು ವಿವರಿಸಿದಾಗ ಅವರು ಆ ಪೊಟ್ಟಣವನ್ನು ಮತ್ತೊಮ್ಮೆ ಕೈಗೆತ್ತಿಕೊಂಡು ನೋಡಿದರು. ಒಲೆಯ ಬಾಯಿಗೆ ಗಾಳಿ ತಡೆಯುವ ತಗಡಿನ ಬಾಗಿಲು ಕೂರಿಸಲೂ, ಎರಡು ವಾರ ಥರ್ಮೋಕಪಲ್ ಇಡಲೂ ಒಪ್ಪಿದ್ದಾರೆ. ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ ಭಟ್ಟಿ ಹೊತ್ತಿಸುತ್ತಾರೆ. ಮೊದಲ ಅಳತೆಗೆ ಆಗಲೇ ಅಲ್ಲಿರಬೇಕು.